ವಿಡಿಯೊ ಗೇಮ್ ಕಲೆಯ ಸಾಲಿಗೆ ಸೇರುವುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಗೇಮ್ ಡಿಸೈನ್ ಓದುತ್ತಿದ್ದಾಳೆ. ತಾನು ಕಲಿಯುತ್ತಿರುವುದೂ ಕಾವ್ಯ, ನಾಟಕಗಳಂತೆ ಒಂದು ಕಲೆಯೇ ಎಂದು ವಾದಿಸುತ್ತಾಳೆ. ಬಹಳ ವರ್ಷ ಕಾವ್ಯಮೀಮಾಂಸೆಯ ಪಾಠ ಮಾಡಿದ ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಆಡುವವನ ಮನಸ್ಸು ಸೋಲು ಗೆಲುವಿಗೆ ಅಂಟಿಕೊಂಡಿರುವಾಗ ರಸಾನುಭವ ಹೇಗೆ ಸಾಧ್ಯ? ಆಡುವವನು ತನಗೆ ಬೇಕಾದಂತೆ ಕಥೆಯನ್ನು ತಿರುಗಿಸಬಹುದಾದರೆ ಕರ್ತೃವಿನ ಪಾತ್ರವೇನು?
– ನಿವೃತ್ತ ಕನ್ನಡ ಅಧ್ಯಾಪಕರು, ಧಾರವಾಡ

ಉತ್ತರ: ತಾವು ಎತ್ತಿರುವ ಎರಡು ಆಕ್ಷೇಪಗಳೂ ಈ ಚರ್ಚೆಯ ತಿರುಳಿಗೆ ಸೇರಿದವು. ಅಮೆರಿಕದ ಹೆಸರಾಂತ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ ಕೂಡ ಹೆಚ್ಚುಕಡಿಮೆ ಇವನ್ನೇ ಮುಂದಿಟ್ಟಿದ್ದರು. ಗಂಭೀರ ಸಾಹಿತ್ಯಕ್ಕೂ ಸಿನಿಮಾಕ್ಕೂ ಕರ್ತೃವಿನ ಹಿಡಿತ ಬೇಕು, ವಿಡಿಯೊ ಗೇಮ್ ನಿಂತಿರುವುದು ಆಡುವವನ ಆಯ್ಕೆಗಳ ಮೇಲೆ ಎಂದು ಅವರು 2005ರಲ್ಲಿ ಬರೆದರು. 2010ರ ಏಪ್ರಿಲ್‌ನಲ್ಲಿ ಬರೆದ ಲೇಖನದಲ್ಲಿ, ಆಟವನ್ನು ಗೆಲ್ಲಬಹುದು, ಕಲಾಕೃತಿಯನ್ನು ಅನುಭವಿಸಬಹುದೇ ಹೊರತು ಗೆಲ್ಲಲಾಗದು, ಆದ್ದರಿಂದ ವಿಡಿಯೊ ಗೇಮ್ ಎಂದಿಗೂ ಕಲೆಯಾಗಲಾರದು ಎಂದರು. ಸಾವಿರಾರು ಓದುಗರು ಪ್ರತಿಭಟಿಸಿದ ಮೇಲೆ, ಆಡಿ ನೋಡದೆ ಆಟಗಳ ಬಗ್ಗೆ ಬರೆಯಬಾರದಿತ್ತೆಂದು ಅದೇ ವರ್ಷದ ಜುಲೈನಲ್ಲಿ ಒಪ್ಪಿಕೊಂಡರಾದರೂ ಮೂಲ ನಿಲುವನ್ನು ಬಿಟ್ಟುಕೊಡಲಿಲ್ಲ.

ತಮ್ಮ ಆಕ್ಷೇಪ ಈಬರ್ಟ್ ಅವರದಕ್ಕಿಂತ ಆಳವಾದದ್ದು, ಏಕೆಂದರೆ ಅದರ ಹಿಂದೆ ರಸಸಿದ್ಧಾಂತವನ್ನು ವಿವರಿಸಿದ ಕಾಶ್ಮೀರದ ಮೀಮಾಂಸಕ ಅಭಿನವಗುಪ್ತನಿದ್ದಾನೆ. ರಸಾಸ್ವಾದಕ್ಕೆ ಒದಗುವ ವಿಘ್ನಗಳನ್ನು ಹೇಳುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದನ್ನೂ ಅವನು ಒಂದು ವಿಘ್ನವೆಂದೇ ಎಣಿಸುತ್ತಾನೆ. ಮುಂದಿನ ಲೆವೆಲ್ ದಾಟಲೇಬೇಕೆಂದು ಹಟ ಹಿಡಿದು ಕೂತವನ ಸ್ಥಿತಿ ಅಂಥದ್ದೇ. ಅವನ ಉದ್ವೇಗ ಅವನ ಸ್ವಂತದ್ದು, ಲೌಕಿಕವಾದದ್ದು. ಮಾರುಕಟ್ಟೆಯಲ್ಲಿರುವ ಬಹುಪಾಲು ಆಟಗಳ ಮಟ್ಟಿಗೆ ತಮ್ಮ ಮಾತನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಅವುಗಳಲ್ಲಿ ಕೌಶಲವಿದೆ, ರೋಮಾಂಚನವಿದೆ. ಕಲೆ ಎನ್ನಲು ಬೇಕಾದ ದೂರ ಇಲ್ಲ. ಆದರೆ ಈ ಸ್ವಂತದ ಲಾಭನಷ್ಟವನ್ನೇ ವಸ್ತುವಾಗಿಸಿಕೊಂಡು, ಆಡುವವನು ಅದನ್ನು ಹೊರಗಿನಿಂದ ನೋಡುವಂತೆ ಮಾಡುವ ಆಟಗಳೂ ಇವೆ. ನಮ್ಮ ವಿಚಾರ ಆರಂಭವಾಗಬೇಕಾದದ್ದು ಅವುಗಳಿಂದ.

‘ಪೇಪರ್ಸ್, ಪ್ಲೀಸ್’ ಎಂಬ ಆಟವನ್ನು ಲೂಕಸ್ ಪೋಪ್ ಎಂಬವರು 2013ರಲ್ಲಿ ಹೊರತಂದರು. ಕಾಲ 1982, ಅರ್ಸ್ಟೋಟ್‌ಸ್ಕಾ ಎಂಬ ಕಲ್ಪಿತ ಸರ್ವಾಧಿಕಾರಿ ದೇಶ. ಆಡುವವನು ಅದರ ಗಡಿ ಠಾಣೆಯಲ್ಲಿ ಕಾಗದಪತ್ರ ತಪಾಸಣೆ ಮಾಡುವ ಗುಮಾಸ್ತ. ಕಿಟಕಿಗೆ ಬಂದವರ ಪಾಸ್‌ಪೋರ್ಟ್ ಬಿಡಿಸಿ, ಭಾವಚಿತ್ರ, ಜನ್ಮದಿನಾಂಕ, ಮುದ್ರೆ ಎಲ್ಲವನ್ನೂ ತಾಳೆ ನೋಡಿ, ಹಸಿರು ಮೊಹರನ್ನೋ ಕೆಂಪು ಮೊಹರನ್ನೋ ಒತ್ತುವುದಷ್ಟೇ ಕೆಲಸ. ಒಬ್ಬೊಬ್ಬರಿಗೆ 5 ಕ್ರೆಡಿಟ್ ಕೂಲಿ. ದಿನದ ಕೊನೆಗೆ ಆ ದುಡ್ಡಿನಲ್ಲಿ ಮನೆಬಾಡಿಗೆ, ಊಟ ಮತ್ತು ಚಳಿಗೆ ಬೆಂಕಿಯ ಖರ್ಚು ಕಳೆಯಬೇಕು. ಸಾಲದೆ ಹೋದರೆ ಮನೆಯವರಲ್ಲಿ ಯಾರೋ ಹಸಿದಿರುತ್ತಾರೆ, ಇನ್ಯಾರೋ ಕಾಯಿಲೆ ಬೀಳುತ್ತಾರೆ. ಒಂದು ದಿನ ಸರಿಯಾದ ಕಾಗದಗಳಿರುವ ಒಬ್ಬ ಗಂಡಸು ಬಂದು, ತನ್ನ ಹಿಂದೆ ಹೆಂಡತಿ ಬರುತ್ತಿದ್ದಾಳೆ, ಅವಳ ಮೇಲೆ ದಯೆಯಿರಲಿ ಎಂದು ಹೇಳಿ ಗಡಿ ದಾಟುತ್ತಾನೆ. ಅವಳ ಬಳಿ ಪ್ರವೇಶ ಪರವಾನಗಿ ಇಲ್ಲ. ಹಿಂದಕ್ಕೆ ಹೋದರೆ ತನ್ನನ್ನು ಕೊಲ್ಲುತ್ತಾರೆ ಎಂದು ಅವಳು ಅಂಗಲಾಚುತ್ತಾಳೆ. ನಿಯಮ ಮೀರಿ ಒಳಗೆ ಬಿಟ್ಟರೆ ಮೇಲಿನಿಂದ ತಪ್ಪಿನ ಚೀಟಿ ಬರುತ್ತದೆ. ದಿನಕ್ಕೆ ಎರಡು ತಪ್ಪುಗಳವರೆಗೆ ಎಚ್ಚರಿಕೆ, ಮೂರನೆಯದರಿಂದ ದಂಡ.

ಇಲ್ಲಿ ನಡೆಯುವುದನ್ನು ಗಮನಿಸಿ. ಸಾಲು ಉದ್ದವಾಗಿದೆ, ಹೊತ್ತು ಓಡುತ್ತಿದೆ, ಈ ಹೊತ್ತಿಗೆ ಕೈಗೆ ಕೆಲಸದ ಚುರುಕು ಬಂದುಬಿಟ್ಟಿದೆ. ಆ ಹೆಂಗಸಿನ ಪಾಸ್‌ಪೋರ್ಟಿನ ಮೇಲೆ ಕೆಂಪು ಮೊಹರು ಬಿದ್ದ ಮೇಲೆಯೇ ಎಷ್ಟೋ ಜನರಿಗೆ ತಾವೇನು ಮಾಡಿದೆವೆಂಬುದು ಅರಿವಿಗೆ ಬರುತ್ತದೆ. ಕ್ರೂರ ವ್ಯವಸ್ಥೆಯೊಂದು ಸಾಮಾನ್ಯ ಮನುಷ್ಯರ ಸಣ್ಣ ಸಣ್ಣ ಭಯಗಳಿಂದ ನಡೆಯುತ್ತದೆ ಎಂಬುದನ್ನು ಕಾದಂಬರಿ ನಮಗೆ ತಿಳಿಸಬಲ್ಲದು, ನಾಟಕ ಕಾಣಿಸಬಲ್ಲದು. ಈ ಆಟ ನಮ್ಮ ಕೈಯಿಂದಲೇ ಅದನ್ನು ಮಾಡಿಸುತ್ತದೆ. ಆಗ ಹುಟ್ಟುವ ನಾಚಿಕೆ, 5 ಕ್ರೆಡಿಟ್ ಉಳಿಸಿಕೊಳ್ಳುವ ಆಸೆಯನ್ನೇ ದೂರದಿಂದ ನೋಡುವಂತೆ ಮಾಡುತ್ತದೆ. ವಿಘ್ನವೇ ಆಸ್ವಾದದ ಬಾಗಿಲಾಗುತ್ತದೆ ಎಂದರೆ ಅಭಿನವಗುಪ್ತನಿಗೆ ಅಪಚಾರವಾಗದು ಎಂದುಕೊಂಡಿದ್ದೇನೆ.

ಗೆಲುವಿನ ವಿಷಯಕ್ಕೆ ಮತ್ತೊಂದು ಉದಾಹರಣೆ ಜಪಾನಿನ ಫುಮಿಟೊ ಉವೇಡಾ ಅವರ ನಿರ್ದೇಶನದಲ್ಲಿ 2005ರಲ್ಲಿ ಬಂದ ‘ಶ್ಯಾಡೋ ಆಫ್ ದ ಕೊಲಾಸಸ್’. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಲು ನಾಯಕ 16 ದೈತ್ಯಪ್ರಾಣಿಗಳನ್ನು ಕೊಲ್ಲಬೇಕು. ಬಟಾಬಯಲಿನಲ್ಲಿ ಬೇರೆ ವೈರಿಗಳೇ ಇಲ್ಲ, ಆ ದೈತ್ಯರಲ್ಲೂ ಹಲವರು ತಮ್ಮ ಪಾಡಿಗೆ ತಾವಿರುವವರು. ಒಂದೊಂದು ದೈತ್ಯ ಉರುಳಿದಾಗಲೂ ಜಯಘೋಷದ ಬದಲು ವಿಷಾದದ ಸಂಗೀತ ಕೇಳುತ್ತದೆ, ನಾಯಕನ ಮೈಯಲ್ಲಿ ಕರಾಳ ಛಾಯೆ ಹೊಕ್ಕುತ್ತದೆ. ಗೆಲ್ಲುತ್ತ ಹೋದಷ್ಟೂ ಗೆಲ್ಲಬಾರದಿತ್ತೆಂಬ ಭಾವ ಬಲಿಯುತ್ತದೆ. ಗೆದ್ದ ಭೀಮನಿಗಿಂತ ಬಿದ್ದ ದುರ್ಯೋಧನನಿಗಾಗಿ ಮರುಗುವಂತೆ ಮಾಡಿದ ರನ್ನನನ್ನು ಪಾಠ ಹೇಳಿದ ತಮಗೆ ಈ ಭಾವ ಅಪರಿಚಿತವಲ್ಲ.

ಇನ್ನು ಕರ್ತೃವಿನ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾವು ಅಮೆರಿಕದಲ್ಲಿ ಹುಡುಕಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗಕರ್ತ ಬರೆದಿಟ್ಟಿರುವುದು ಪದ್ಯಗಳನ್ನು ಮಾತ್ರ. ಭಾಗವತರು ಪದ್ಯ ಹಾಡಿದ ಮೇಲೆ ಮಾತು ಕಟ್ಟುವವನು ಅರ್ಥಧಾರಿ. ಅದೂ ಸ್ಥಳದಲ್ಲೇ, ಎದುರು ಕೂತವನ ಮಾತಿಗೆ ತಕ್ಕಂತೆ. ಒಂದೇ ‘ಕರ್ಣಪರ್ವ’ದಲ್ಲಿ ಒಬ್ಬರ ಕರ್ಣ ಅಭಿಮಾನಧನ, ಇನ್ನೊಬ್ಬರ ಕರ್ಣ ಜೀವನದಿಂದ ಬಳಲಿದವನು. ಹಾಗೆಂದು ಪ್ರಸಂಗಕರ್ತನ ಸ್ಥಾನಕ್ಕೆ ಚ್ಯುತಿ ಬಂದಿತೆಂದು ಕರಾವಳಿಯ ಯಾವ ರಸಿಕರೂ ಹೇಳಿದ್ದಿಲ್ಲ, ಏಕೆಂದರೆ ಅರ್ಥಧಾರಿ ಎಷ್ಟೇ ಸ್ವತಂತ್ರನಾದರೂ ಕರ್ಣನ ರಥದ ಗಾಲಿ ಹೂತುಹೋಗಲೇಬೇಕು. ಆಯ್ಕೆಗೆ ಎಡೆ ಎಲ್ಲಿದೆ, ಎಲ್ಲಿ ಇಲ್ಲ ಎಂಬುದನ್ನು ಗೊತ್ತುಮಾಡುವುದೇ ಅಲ್ಲಿ ಕರ್ತೃತ್ವ. ಗೇಮ್ ಡಿಸೈನರ್ ಮಾಡುವುದೂ ಇದನ್ನೇ: ಆ ಹೆಂಗಸನ್ನು ಒಳಗೆ ಬಿಡುವುದೂ ಬಿಡದಿರುವುದೂ ಆಡುವವನಿಗೆ ಸೇರಿದ್ದು, ಎರಡಕ್ಕೂ ಬೆಲೆ ತೆರಬೇಕಾದ ಲೋಕವನ್ನು ಕಟ್ಟಿದವರು ಪೋಪ್. ತಮ್ಮ ಮೊಮ್ಮಗಳ ವಾದದಲ್ಲಿ ಹುರುಳಿದೆ ಎಂಬುದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಅನಿಮೇಷನ್ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಈಗಿನ ದೊಡ್ಡ ಆಟಗಳಲ್ಲಿ ನೂರಾರು ಚಿತ್ರಕಾರರು, ಸಂಗೀತಗಾರರು, ನಟರು ದುಡಿಯುತ್ತಾರೆ. ಅಷ್ಟು ಕಲಾವಿದರು ಸೇರಿ ಮಾಡಿದ್ದು ಕಲೆಯಲ್ಲದೆ ಇನ್ನೇನಾದೀತು? ನ್ಯೂಯಾರ್ಕಿನ ವಸ್ತುಸಂಗ್ರಹಾಲಯವೇ ಆಟಗಳನ್ನು ಸಂಗ್ರಹಿಸಿದೆಯಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಆ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ‘ಸಿವಿಲೈಸೇಶನ್ 4’ ಆಟಕ್ಕಾಗಿ ಕ್ರಿಸ್ಟೋಫರ್ ಟಿನ್ ಸ್ವಾಹಿಲಿ ಭಾಷೆಯಲ್ಲಿ ಸಂಯೋಜಿಸಿದ ಗೀತೆಗೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು; 2023ರಿಂದ ವಿಡಿಯೊ ಗೇಮ್ ಸಂಗೀತಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆದರೂ ಈ ವಾದ ನಿಲ್ಲುವುದಿಲ್ಲ. ಒಳ್ಳೆಯ ಚಿತ್ರ, ಒಳ್ಳೆಯ ಹಾಡು ಸೇರಿದರೆ ಆ ಚಿತ್ರವೂ ಹಾಡೂ ಕಲೆ ಎಂದಾಯಿತು. ಆಟ ಕಲೆ ಎಂದು ಸಿದ್ಧವಾಗಲಿಲ್ಲ. ಆಟದ ಜೀವ ಇರುವುದು ನಿಯಮದಲ್ಲಿ, ಅಂದರೆ ಆಡುವವನಿಗೆ ಏನು ಮಾಡಲು ಸಾಧ್ಯ, ಏನು ಅಸಾಧ್ಯ, ಮಾಡಿದ್ದಕ್ಕೆ ಏನು ಫಲ ಎಂಬಲ್ಲಿ. ಅಲ್ಲಿ ಅರ್ಥ ಹುಟ್ಟದಿದ್ದರೆ ಗ್ರಾಫಿಕ್ಸ್ ಎಷ್ಟೇ ಬೆರಗಿನದಾಗಿದ್ದರೂ ಅದು ಅಲಂಕಾರವಷ್ಟೇ.

ಜೇಸನ್ ರೋರರ್ ಅವರ ‘ಪ್ಯಾಸೇಜ್’ (2007) ಈ ಮಾತಿಗೆ ಆಧಾರ. ಪರದೆಯ ಮೇಲೆ 100 ಪಿಕ್ಸೆಲ್ ಉದ್ದ, 16 ಪಿಕ್ಸೆಲ್ ಎತ್ತರದ ಒಂದು ಪಟ್ಟಿ. ಅದರಲ್ಲಿ ಚುಕ್ಕೆಗಳಿಂದ ಮಾಡಿದ ಒಬ್ಬ ಮನುಷ್ಯ. ಆಟದ ಅವಧಿ 5 ನಿಮಿಷ. ಆರಂಭದಲ್ಲೇ ಒಬ್ಬಳು ಹೆಣ್ಣು ಸಿಗುತ್ತಾಳೆ, ಅವಳ ಹತ್ತಿರ ಹೋದರೆ ಜೊತೆಗೂಡುತ್ತಾಳೆ. ಅಲ್ಲಲ್ಲಿ ನಿಧಿಪೆಟ್ಟಿಗೆಗಳಿವೆ. ಕೆಲವು ಸಂದಿಗಳಲ್ಲಿ ಒಬ್ಬನೇ ನುಸುಳಬಹುದು, ಇಬ್ಬರು ಹಿಡಿಸುವುದಿಲ್ಲ. ಜೊತೆಗಾತಿಯನ್ನು ಒಪ್ಪಿಕೊಂಡವನು ಆ ನಿಧಿಗಳನ್ನು ನೋಡುತ್ತಲೇ ಬಿಟ್ಟು ನಡೆಯಬೇಕು. ಬಲಕ್ಕೆ ಸಾಗುತ್ತಿದ್ದಂತೆ ಇಬ್ಬರ ಕೂದಲೂ ನೆರೆಯುತ್ತದೆ, ಬೆನ್ನು ಬಾಗುತ್ತದೆ. ಅವಳು ಸಾಯುತ್ತಾಳೆ, ಅಲ್ಲೊಂದು ಸಮಾಧಿಕಲ್ಲು. ಆಮೇಲೆ ಅವನ ನಡೆ ನಿಧಾನವಾಗುತ್ತದೆ. ಈ ಆಟದಲ್ಲಿ ಒಂದೂ ಮಾತಿಲ್ಲ. ಸಂದಿಯ ಅಗಲವನ್ನು ಗೊತ್ತುಮಾಡಿದ ಒಂದೇ ನಿಯಮ ದಾಂಪತ್ಯದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳುತ್ತದೆ.

ನೀವು ಹೇಳಿದ ವಸ್ತುಸಂಗ್ರಹಾಲಯ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್. 2012ರ ನವೆಂಬರ್‌ನಲ್ಲಿ ಅದು ಮೊದಲ ಕಂತಿನಲ್ಲಿ ಸಂಗ್ರಹಿಸಿದ 14 ಆಟಗಳಲ್ಲಿ ‘ಪ್ಯಾಸೇಜ್’ ಕೂಡ ಒಂದು. ಆದರೆ ಅವು ಸೇರಿದ್ದು ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ. ಅದೇ ಪಟ್ಟಿಯಲ್ಲಿರುವ ‘ಟೆಟ್ರಿಸ್’ ಅನ್ನು ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಮಾಸ್ಕೊದಲ್ಲಿ, ಚಿತ್ರ ತೋರಿಸಲೂ ಬಾರದ ಕಂಪ್ಯೂಟರಿನ ಮೇಲೆ ಆವರಣ ಚಿಹ್ನೆಗಳನ್ನೇ ಇಟ್ಟಿಗೆಗಳಂತೆ ಜೋಡಿಸಿ ರೂಪಿಸಿದರು. ಅದು ಅಪೂರ್ವ ವಿನ್ಯಾಸ ಎಂಬುದರಲ್ಲಿ ಎರಡು ಮಾತಿಲ್ಲ. ‘ಪ್ಯಾಸೇಜ್’ ಕಲೆಯಾದ ಅರ್ಥದಲ್ಲಿ ಅದನ್ನೂ ಕಲೆ ಎನ್ನಲು ನನ್ನ ಮನಸ್ಸು ಹಿಂಜರಿಯುತ್ತದೆ. ಬದುಕಿನ ಬಗ್ಗೆ ಅದು ಏನನ್ನೂ ಹೇಳಲು ಹೊರಟಿಲ್ಲ. ಸಂಗ್ರಹಾಲಯದ ಮುದ್ರೆ ಬಿದ್ದ ಮಾತ್ರಕ್ಕೆ ಈ ವಿವೇಚನೆಯ ಹೊಣೆ ನಮ್ಮ ಹೆಗಲಿನಿಂದ ಇಳಿಯುವುದಿಲ್ಲ.

ಪ್ರಶ್ನೆ: ನನ್ನ ಹದಿನಾಲ್ಕು ವರ್ಷದ ಮಗ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಆಡುತ್ತಾನೆ, ಆಟದೊಳಗಿನ ಉಡುಪು, ಆಯುಧಗಳಿಗೆಂದು ನಮಗೆ ತಿಳಿಯದಂತೆ ಹಣವನ್ನೂ ಕಳೆದಿದ್ದಾನೆ. ಇಂಥದ್ದಕ್ಕೆ ಕಲೆಯ ಪಟ್ಟ ಕಟ್ಟಿದರೆ ನಾವು ಮಕ್ಕಳಿಗೆ ಏನೆಂದು ಹೇಳುವುದು?
– ಗೃಹಿಣಿ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಆತಂಕ ನ್ಯಾಯವಾದದ್ದು. ಆಟದ ಮೇಲಿನ ಹಿಡಿತ ತಪ್ಪಿ, ಓದು, ನಿದ್ದೆ, ಮನೆಯವರ ಸಂಗ ಎಲ್ಲವೂ ಕೆಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ಕಾಯಿಲೆಯೆಂದು ಗುರುತಿಸಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಅದರ ರೋಗಗಳ ಪಟ್ಟಿಯಲ್ಲಿ ಇದೂ ಸೇರಿದೆ. ಮಗನ ವಿಷಯದಲ್ಲಿ ನಾಚಿಕೆಪಡದೆ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಷಟ್ ಕ್ಲಿನಿಕ್ ನಡೆಯುತ್ತಿದೆ. ಫೋನಿಗೆ ಜೋಡಿಸಿರುವ ಯುಪಿಐ ಮತ್ತು ಕಾರ್ಡನ್ನು ಇಂದೇ ತೆಗೆದುಹಾಕಿ.

ಪ್ರಶ್ನೆಯ ಉಳಿದ ಭಾಗಕ್ಕೆ ಬರುತ್ತೇನೆ. ಒಂದು ಮಾಧ್ಯಮವನ್ನು ಕಲೆ ಎಂದು ಒಪ್ಪುವುದು ಆ ಮಾಧ್ಯಮದಲ್ಲಿ ಬಂದದ್ದೆಲ್ಲ ಒಳ್ಳೆಯದೆಂದು ಒಪ್ಪಿದಂತಲ್ಲ. ಸಿನಿಮಾ ಕಲೆ ಎಂಬ ಕಾರಣಕ್ಕೆ ಎಲ್ಲ ಸಿನಿಮಾಗಳನ್ನೂ ನಾವು ಮಕ್ಕಳಿಗೆ ತೋರಿಸುವುದಿಲ್ಲ. ನಿಮ್ಮ ಮಗನ ಹಣ ಸೆಳೆದುಕೊಂಡ ಆಟವನ್ನು ನಾನು ಮೇಲೆ ಹೇಳಿದ ಅಳತೆಯಲ್ಲೇ ನೋಡಿ. ಅದರ ನಿಯಮಗಳು ಆಡುವವನಿಗೆ ಏನನ್ನಾದರೂ ಕಾಣಿಸಲು ಹುಟ್ಟಿದವಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಜೇಬಿಗೆ ಕೈಹಾಕಿಸಲು ಲೆಕ್ಕ ಹಾಕಿ ರೂಪಿಸಿದವು. ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಗಳನ್ನು ದುಡ್ಡಿಗೆ ಮಾರುವುದು ಜೂಜೇ ಎಂದು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಹೇಳಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಣ ಪಣಕ್ಕಿಡುವ ಆಟಗಳನ್ನು ಬೇರೆ ಮಾಡಿ ನಿಷೇಧಿಸಿದೆ. ಕಲೆಯ ಹೆಸರಿನಲ್ಲಿ ಇಂಥ ವ್ಯಾಪಾರಕ್ಕೆ ರಕ್ಷಣೆ ಸಿಗಬಾರದು ಎಂಬುದರಲ್ಲಿ ನಾನು ನಿಮ್ಮ ಜೊತೆಗಿದ್ದೇನೆ. ಆಟಗಳನ್ನು ಕಲೆಯೆಂದು ಗಂಭೀರವಾಗಿ ನೋಡುವ ಸಮಾಜಕ್ಕೆ ಯಾವ ಆಟ ಕೆಟ್ಟದ್ದು, ಏಕೆ ಕೆಟ್ಟದ್ದು ಎಂದು ಹೇಳುವ ಭಾಷೆಯೂ ದಕ್ಕುತ್ತದೆ. ಎಲ್ಲವನ್ನೂ ‘ಮೊಬೈಲ್ ಹಾವಳಿ’ ಎಂದು ಒಂದೇ ಮೂಟೆಗೆ ಕಟ್ಟಿಬಿಟ್ಟರೆ ಮಕ್ಕಳು ನಮ್ಮ ಮಾತಿಗೆ ಕಿವಿಗೊಡುವುದಿಲ್ಲ.

ಪ್ರಶ್ನೆ: ಕಲೆ ಎಂದರೂ ಅನ್ನದಿದ್ದರೂ ಆಡುವವರು ಆಡುತ್ತಲೇ ಇರುತ್ತಾರೆ. ಈ ಹಣೆಪಟ್ಟಿಯಿಂದ ಆಗಬೇಕಾದದ್ದೇನು? ನಮ್ಮ ದೇಶದಲ್ಲಿ ಅಂಥ ಆಟಗಳು ಬಂದಿವೆಯೇ?
– ಓದುಗರು, ಮೈಸೂರು

ಉತ್ತರ: ಆಗಬೇಕಾದದ್ದು ಬಹಳವಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದಲ್ಲಿ ಸಿನಿಮಾ ಎಂದರೆ ಹೊತ್ತು ಕಳೆಯುವ ಮನರಂಜನೆ. ಜೋಪಾನ ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷಗಳ ಮೇಲೆ. ವಿಡಿಯೊ ಗೇಮ್‌ಗಳ ಸ್ಥಿತಿ ಈಗ ಹಾಗೆಯೇ ಇದೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಕೊಂಡು ಆಡಲು ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಹಳೆಯ ಯಂತ್ರ ಕೆಟ್ಟರೆ, ಕಂಪನಿ ಸರ್ವರ್ ನಿಲ್ಲಿಸಿದರೆ ಆಟವೇ ಇಲ್ಲವಾಗುತ್ತದೆ. ಗ್ರಂಥಾಲಯ, ವಿಶ್ವವಿದ್ಯಾಲಯಗಳು ಕಾಪಾಡಲು ಮುಂದಾಗಬೇಕಾದರೆ ಇದು ಕಾಪಾಡತಕ್ಕ ವಸ್ತು ಎಂಬ ತಿಳಿವಳಿಕೆ ಮೊದಲು ಬರಬೇಕು.

ಕಾನೂನಿನಲ್ಲೂ ಈ ಮನ್ನಣೆಗೆ ಬೆಲೆಯಿದೆ. ಅಪ್ರಾಪ್ತರಿಗೆ ಹಿಂಸಾತ್ಮಕ ಆಟಗಳ ಮಾರಾಟವನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7–2 ಬಹುಮತದಿಂದ ರದ್ದುಪಡಿಸಿ, ಪುಸ್ತಕ, ನಾಟಕ, ಸಿನಿಮಾಗಳಿಗಿರುವ ವಾಕ್ ಸ್ವಾತಂತ್ರ್ಯ ಆಟಗಳಿಗೂ ಇದೆ ಎಂದಿತು. ಆ ತೀರ್ಪಿನ ಫಲವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಗಡಿ ಠಾಣೆಯ ಗುಮಾಸ್ತನ ಕಥೆಯಂಥ ಆಟಕ್ಕೆ ಯಾವುದಾದರೂ ಸರ್ಕಾರ ಕೈಹಾಕಿದಾಗ ಅದರ ಅಗತ್ಯ ತಿಳಿಯುತ್ತದೆ.

ನಮ್ಮಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ‘ರಾಜಿ’ ಎಂಬ ಆಟವನ್ನು ತಂದಿತು. ರಾಜಸ್ಥಾನದ ಕೋಟೆ, ಅರಮನೆಗಳ ಚೆಲುವು ಅದರಲ್ಲಿದೆ, ಆದರೆ ಕಾದಾಟದ ರೀತಿ ಎಲ್ಲ ಕಡೆಯಂತೆಯೇ. ಗುಜರಾತಿನ ಸ್ಟುಡಿಯೋ ಓಲಿಯೋಮಿಂಗಸ್ ವಸಾಹತು ಕಾಲದ ಚರಿತ್ರೆಯನ್ನು ಕಲ್ಪಿತ ಕಥೆಗಳ ಮೂಲಕ ಕೆದಕುವ ಸಣ್ಣ ಸಣ್ಣ ಆಟಗಳನ್ನು ಮಾಡುತ್ತಿದೆ. ನನಗೆ ಹೆಚ್ಚು ಹತ್ತಿರವಾದದ್ದು ಟೊರಾಂಟೊದಲ್ಲಿ ತಯಾರಾದ ‘ವೆನ್ಬಾ’ (2023). ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಆಡುವವನು ಊಹಿಸಿ ಬೇಯಿಸಬೇಕು. ಪರದೇಶದಲ್ಲಿ ಬೆಳೆದ ಮಗನಿಗೂ ತಾಯಿಗೂ ನಡುವೆ ಭಾಷೆ ಸವೆದುಹೋಗುವ ನೋವು ಆ ಅಳಿಸಿದ ಸಾಲುಗಳಲ್ಲೇ ಇದೆ. 2024ರಲ್ಲಿ ಅದಕ್ಕೆ ಚೊಚ್ಚಲ ಆಟಕ್ಕೆ ಮೀಸಲಾದ ಬಾಫ್ಟಾ ಪ್ರಶಸ್ತಿ ಸಂದಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ 2012ರಲ್ಲೇ ನೀತಿ ರೂಪಿಸಿದ ರಾಜ್ಯ ನಮ್ಮದು. ಅದು ಉದ್ಯೋಗ, ಬಂಡವಾಳಗಳ ನೀತಿ, ತಪ್ಪೇನಿಲ್ಲ. ಆದರೆ ಕನ್ನಡದ ಬದುಕನ್ನು ಈ ಮಾಧ್ಯಮದಲ್ಲಿ ಹೇಳಬಲ್ಲ ಇಬ್ಬರು ಮೂವರು ಯುವಕ ಯುವತಿಯರಿಗೆ, ನಾಟಕಕ್ಕೋ ಶಿಲ್ಪಕ್ಕೋ ಅಕಾಡೆಮಿಯಿಂದ ಸಿಗುವಂಥ ಸಣ್ಣ ಫೆಲೋಶಿಪ್ ಸಿಕ್ಕರೂ ದೊಡ್ಡ ಕೆಲಸವಾದೀತು.

ಪ್ರಶ್ನೆ: ನಾನು ಅರವತ್ತು ದಾಟಿದವಳು, ಒಂದು ವಿಡಿಯೊ ಗೇಮನ್ನೂ ಆಡಿದವಳಲ್ಲ. ಆಡದೆ ತೀರ್ಮಾನಿಸಬಾರದೆನ್ನುತ್ತೀರಿ. ಎಲ್ಲಿಂದ ತೊಡಗಲಿ?
– ಓದುಗರು, ಶಿವಮೊಗ್ಗ

ಉತ್ತರ: ‘ಫ್ಲಾರೆನ್ಸ್’ನಿಂದ ತೊಡಗಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2018ರಲ್ಲಿ ತಯಾರಾದ ಈ ಆಟವನ್ನು ಮೊಬೈಲ್ ಪರದೆಯ ಮೇಲೆ ಒಂದೇ ಬೆರಳಿನಿಂದ ಆಡಬಹುದು, ಒಂದು ಗಂಟೆಯೊಳಗೆ ಮುಗಿಯುತ್ತದೆ, ಸೋಲುವ ಭಯವಿಲ್ಲ. ಫ್ಲಾರೆನ್ಸ್ ಎಂಬ ಯುವತಿ ಭಾರತೀಯ ಮೂಲದ ಚೆಲ್ಲೊ ವಾದಕ ಕ್ರಿಶ್‌ನನ್ನು ಪ್ರೀತಿಸುತ್ತಾಳೆ. ಮೊದಲ ಭೇಟಿಯಲ್ಲಿ ಅವಳು ಆಡುವ ಒಂದೊಂದು ಮಾತನ್ನೂ ನೀವು ಹಲವು ತುಣುಕುಗಳಿಂದ ಜೋಡಿಸಬೇಕು. ಸಲಿಗೆ ಬೆಳೆದಂತೆ ತುಣುಕುಗಳ ಸಂಖ್ಯೆ ಇಳಿಯುತ್ತದೆ, ಕೊನೆಗೆ ಮಾತು ತಾನಾಗಿ ಬರುತ್ತದೆ. ಜಗಳದ ಹೊತ್ತಿಗೆ ಅದೇ ತುಣುಕುಗಳ ಅಂಚು ಚೂಪಾಗಿರುತ್ತದೆ. ಅವನು ಅವಳ ಮನೆಗೆ ಬಂದಾಗ ಕಪಾಟಿನಲ್ಲಿ ಅವನ ಸಾಮಾನಿಗೆ ಜಾಗ ಮಾಡಲು ಅವಳ ಯಾವ ವಸ್ತುವನ್ನು ತೆಗೆದಿಡಬೇಕೆಂದು ನೀವೇ ನಿರ್ಧರಿಸುತ್ತೀರಿ. ಆಟದಲ್ಲಿ ಓದಬೇಕಾದ ಇಂಗ್ಲಿಷ್ ತೀರ ಕಡಿಮೆ, ಆದ್ದರಿಂದ ಭಾಷೆಯ ತೊಡಕಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆಡಿ, ಚೆಲ್ಲೊ ಚೆನ್ನಾಗಿ ಕೇಳಿಸುತ್ತದೆ. ಇದು ಮುಗಿದ ಮೇಲೆ ‘ಪೇಪರ್ಸ್, ಪ್ಲೀಸ್’ ಪ್ರಯತ್ನಿಸಬಹುದು. 2022ರಿಂದ ಅದೂ ಮೊಬೈಲ್‌ನಲ್ಲಿ ಸಿಗುತ್ತದೆ, ಆದರೆ ಅದಕ್ಕೆ ಸ್ವಲ್ಪ ಇಂಗ್ಲಿಷ್ ಓದು ಬೇಕು, ಮೊದಲ ಎರಡು ದಿನಗಳ ಗಡಿಬಿಡಿಗೆ ತಾಳ್ಮೆಯೂ ಬೇಕು. ಆಡಿದ ಮೇಲೆ ನಿಮ್ಮ ಅಭಿಪ್ರಾಯವನ್ನು, ಅದು ನನ್ನದಕ್ಕೆ ವಿರುದ್ಧವಾಗಿದ್ದರೂ, ಈ ಅಂಕಣಕ್ಕೆ ಬರೆದು ಕಳುಹಿಸಿ.